ತಣ್ಣನೆಯ ಕಡಲಲ್ಲಿ ಮುಳುಗಿ ಜೀವಿಗಳ ಚಿತ್ರ ತೆಗೆಯುವುದು ಹೇಗೆ?

ತಣ್ಣನೆಯ ಕರಾವಳಿ ನೀರಿನಲ್ಲಿ ಮೊದಲ ಬಾರಿಗೆ ಕ್ಯಾಮೆರಾ ಹಿಡಿದು ಮುಳುಗಿ ಬಂದವರ ಚಿತ್ರಗಳನ್ನು ನಾನು ಬಹಳಷ್ಟು ನೋಡಿದ್ದೇನೆ. ಚಿತ್ರದ ತುಂಬ ಬಿಳಿ ಚುಕ್ಕೆಗಳು, ಅವುಗಳ ಹಿಂದೆ ಎಲ್ಲೋ ಒಂದು ಮಸುಕಾದ ಮೀನು. ‘ನೀರು ಕದಡಿತ್ತು’ ಎಂದು ಅವರು ಬೇಸರದಿಂದ ಹೇಳುತ್ತಾರೆ. ಅದೇ ದಿನ, ಅದೇ ಜಾಗದಲ್ಲಿ ಮುಳುಗಿದ ಇನ್ನೊಬ್ಬರು ಶುಭ್ರವಾದ ಚಿತ್ರ ತಂದಿರುತ್ತಾರೆ. ತಪ್ಪು ನೀರಿನದಲ್ಲ, ಬೆಳಕನ್ನು ಇಟ್ಟ ಜಾಗದ್ದು.

ಇಂಥ ನೀರು ತಿಳಿಯಾಗಿರಲಿ ಎಂದು ಬಯಸುವುದೇ ಸರಿಯಲ್ಲ. ಆಳದಿಂದ ಮೇಲೇಳುವ ತಣ್ಣೀರು ಪೋಷಕಾಂಶಗಳನ್ನು ಹೊತ್ತು ತರುತ್ತದೆ, ಅವುಗಳಿಂದ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳಾದ ಪ್ಲಾಂಕ್ಟನ್ ಬೆಳೆಯುತ್ತದೆ, ಅದನ್ನು ತಿಂದು, ಬಂಡೆಗೆ ಅಂಟಿ ಬದುಕುವ ಪ್ರಾಣಿಗಳಾದ ಅನಿಮೋನ್, ಸ್ಪಂಜು, ಹೈಡ್ರಾಯ್ಡ್‌ಗಳು ಬಂಡೆಯನ್ನು ಬೆರಳಿಡಲೂ ಜಾಗವಿಲ್ಲದಂತೆ ಮುಚ್ಚುತ್ತವೆ. ನಿಮಗೆ ಅಡ್ಡಿಯಾಗುವ ಆ ಕಣಗಳೇ ನೀವು ನೋಡಲು ಬಂದ ಜೀವಿಗಳ ಆಹಾರ.

ಹಂತ 1: ಮೈ ಬೆಚ್ಚಗಿರಲಿ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಈಜುತ್ತಿರುವವನಿಗಿಂತ ಒಂದೇ ಬಂಡೆಯ ಮುಂದೆ ಕಾಲು ಗಂಟೆ ಅಲುಗಾಡದೆ ನಿಲ್ಲುವ ಛಾಯಾಗ್ರಾಹಕ ಬೇಗ ತಣ್ಣಗಾಗುತ್ತಾನೆ. ಆದ್ದರಿಂದ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ನೀರಿಗೆ ಡ್ರೈಸೂಟ್ (ನೀರು ಒಳಬಾರದ ಡೈವಿಂಗ್ ಉಡುಪು) ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಬಳಸುವ ತರಬೇತಿಯನ್ನು ಮೊದಲೇ ಪಡೆದಿರಬೇಕು. ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಒದಗಿಸುವ ರೆಗ್ಯುಲೇಟರ್ ಕೂಡ ತಣ್ಣೀರಿಗೆಂದೇ ಪರೀಕ್ಷಿಸಿದ್ದಾಗಿರಲಿ. ಇಲ್ಲವಾದರೆ ಅದು ಒಳಗೆ ಹೆಪ್ಪುಗಟ್ಟಿ, ಗಾಳಿ ತಡೆಯಿಲ್ಲದೆ ಸುರಿದುಹೋಗುವ ಅಪಾಯವಿದೆ. ಕೈಗವಸು ಹಾಕಿಕೊಂಡು ಕ್ಯಾಮೆರಾದ ಪ್ರತಿಯೊಂದು ಗುಂಡಿಯನ್ನೂ ಕಣ್ಣು ಮುಚ್ಚಿ ಒತ್ತುವಷ್ಟು ಅಭ್ಯಾಸವನ್ನು ದಡದಲ್ಲೇ ಮಾಡಿಕೊಳ್ಳಿ.

ಕೈ ಆಡಿಸದೆ, ತಳ ಮುಟ್ಟದೆ, ಒಂದೇ ಆಳದಲ್ಲಿ ಒಂದು ನಿಮಿಷ ತೇಲಿ ನಿಲ್ಲಲು ಬಾರದವರು ಕ್ಯಾಮೆರಾವನ್ನು ಇನ್ನೂ ಕೈಗೆತ್ತಿಕೊಳ್ಳಬಾರದು.

ಹಂತ 2: ಹೌಸಿಂಗ್ ಮುಚ್ಚುವುದು

ಹೌಸಿಂಗ್ ಎಂದರೆ ನೀರು ತಾಗದಂತೆ ಕ್ಯಾಮೆರಾವನ್ನು ಇಡುವ ಪೆಟ್ಟಿಗೆ. ಅದನ್ನು ಮುಚ್ಚುವ ಕೆಲಸವನ್ನು ಹಿಂದಿನ ರಾತ್ರಿಯೇ, ದಣಿವಿಲ್ಲದ ಹೊತ್ತಿನಲ್ಲಿ, ಒಣಗಿದ ತಂಪಾದ ಕೋಣೆಯಲ್ಲಿ ಮುಗಿಸಿ. ಬೆಚ್ಚಗಿನ ತೇವದ ಗಾಳಿ ಒಳಗೆ ಸೇರಿಕೊಂಡರೆ, ತಣ್ಣೀರು ತಾಗಿದೊಡನೆ ಗಾಜಿನ ಒಳಮೈಯಲ್ಲಿ ಮಂಜು ಕಟ್ಟುತ್ತದೆ. ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಳಗಿಡಿ. ಮುಚ್ಚಳದ ಸಂದಿಯಲ್ಲಿ ನೀರನ್ನು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್‌ಗೆ ಕೈಗೆ ಸಿಕ್ಕ ಗ್ರೀಸನ್ನೆಲ್ಲ ಹಚ್ಚುವವರಿದ್ದಾರೆ. ಸಿಲಿಕೋನ್ ರಬ್ಬರಿನ ರಿಂಗ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ರಿಂಗ್ ಉಬ್ಬಿ ಹಾಳಾಗುತ್ತದೆ. ಹೌಸಿಂಗ್ ತಯಾರಿಸಿದವರು ಹೇಳಿದ ಗ್ರೀಸನ್ನೇ, ಮೇಲ್ಮೈ ಹೊಳೆಯುವಷ್ಟು ಮಾತ್ರ ಹಚ್ಚಿ. ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ಫೋನನ್ನು ಹಾಕಿ ಮುಳುಗಬಹುದೆಂದು ಮಾರುವ ತೆಳು ಪ್ಲಾಸ್ಟಿಕ್ ಚೀಲಗಳನ್ನು ಡೈವಿಂಗ್‌ಗೆ ಖಂಡಿತ ಬಳಸಬೇಡಿ. ಚಳಿಗೆ ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದರಿಂದ ಅದನ್ನು ಪೂರ್ತಿ ಚಾರ್ಜ್ ಮಾಡಿಕೊಂಡಿರಿ.

ಹಂತ 3: ಹೊತ್ತು ನೋಡಿ ಇಳಿಯುವುದು

ಉಬ್ಬರ ಇಳಿತಗಳ ನಡುವೆ ಸೆಳೆತ ನಿಂತಂತಾಗುವ ಹೊತ್ತನ್ನು ಆರಿಸಿಕೊಳ್ಳಿ.

ಹಂತ 4: ಬೆಳಕು

ಇಲ್ಲಿಯೇ ಬಹುತೇಕರು ಸೋಲುವುದು. ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಮಾತ್ರ ದೂಳು ಕಾಣುತ್ತದೆ, ಪಕ್ಕದ ಕತ್ತಲಲ್ಲಿ ಇದ್ದರೂ ಕಾಣುವುದಿಲ್ಲ. ನೀರಿನ ಕಣಗಳ ವಿಚಾರವೂ ಅಷ್ಟೇ. ಲೆನ್ಸ್ ಮತ್ತು ಜೀವಿಯ ನಡುವಿನ ನೀರಿನ ಮೇಲೆ ಬೆಳಕು ಬಿದ್ದರೆ ಅಲ್ಲಿನ ಪ್ರತಿಯೊಂದು ಕಣವೂ ಹೊಳೆದು ಬಿಳಿ ಚುಕ್ಕೆಯಾಗುತ್ತದೆ. ಆ ನೀರನ್ನು ಕತ್ತಲಲ್ಲೇ ಬಿಟ್ಟು, ಜೀವಿಯ ಮೇಲೆ ಮಾತ್ರ ಬೆಳಕು ಬೀಳಿಸುವುದು ನಿಮ್ಮ ಕೆಲಸ. ಕ್ಯಾಮೆರಾದಲ್ಲೇ ಅಡಕವಾದ ಫ್ಲ್ಯಾಷ್ ಲೆನ್ಸಿಗೆ ಅಂಟಿಕೊಂಡಿರುವುದರಿಂದ ಅದಕ್ಕೆ ಇದು ಸಾಧ್ಯವೇ ಇಲ್ಲ. ಉದ್ದನೆಯ ತೋಳುಗಳ ಮೇಲೆ ಕೂರಿಸಿದ ಪ್ರತ್ಯೇಕ ಸ್ಟ್ರೋಬ್ (ನೀರೊಳಗೆ ಬಳಸುವ ಫ್ಲ್ಯಾಷ್) ಬೇಕು, ಎರಡಿದ್ದರೆ ಉತ್ತಮ.

ಮೊದಲು ದೂರವನ್ನು ಕಡಿಮೆ ಮಾಡಿ. ಐದು ಮೀಟರ್‌ವರೆಗೆ ಕಣ್ಣು ಕಾಣುತ್ತಿದ್ದರೆ, ಒಂದು ಮೀಟರಿಗಿಂತ ಆಚೆಗಿರುವುದರ ಚಿತ್ರ ತೆಗೆಯಬೇಡಿ. ಅನಂತರ ಎರಡೂ ಸ್ಟ್ರೋಬ್‌ಗಳನ್ನು, ಜೀವಿ ಎಷ್ಟು ದೂರದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ, ಎಡಕ್ಕೂ ಬಲಕ್ಕೂ ಚಾಚಿ. ಅವುಗಳ ಮುಖ ಲೆನ್ಸಿನ ಗಾಜಿಗಿಂತ ತುಸು ಹಿಂದೆಯೇ ಇರಲಿ. ಈಗ ಅವುಗಳನ್ನು ಜೀವಿಯ ಕಡೆಗೆ ತಿರುಗಿಸಬೇಕೆಂದು ಕೈ ತವಕಿಸುತ್ತದೆ. ಹಾಗೆ ಮಾಡಬೇಡಿ. ನೇರ ಮುಂದಕ್ಕೆ, ಇಲ್ಲವೇ ಸ್ವಲ್ಪ ಹೊರಕ್ಕೇ ತಿರುಗಿಸಿ. ಸ್ಟ್ರೋಬ್‌ನ ಬೆಳಕು ಶಂಕುವಿನಂತೆ ಹರಡುತ್ತಾ ಹೋಗುತ್ತದೆ. ಆ ಶಂಕುವಿನ ಒಳಅಂಚು ಜೀವಿಯನ್ನು ಸವರಿದರೆ ಸಾಕು, ನಡುವಿನ ನೀರು ಕತ್ತಲಲ್ಲೇ ಉಳಿಯುತ್ತದೆ.

ಹೀಗೆ ಮಾಡಬೇಕಾದುದಕ್ಕೆ ಇನ್ನೂ ಒಂದು ಕಾರಣವಿದೆ. ಬೆಳಕಿನ ವಕ್ರೀಭವನದಿಂದಾಗಿ ನೀರಿನಲ್ಲಿ ಒಂದು ಮೀಟರ್ ದೂರದ ವಸ್ತು ಸುಮಾರು 75 ಸೆಂಟಿಮೀಟರ್ ದೂರದಲ್ಲಿರುವಂತೆ ತೋರುತ್ತದೆ. ಕಣ್ಣಿಗೆ ಕಂಡ ಜಾಗಕ್ಕೆ ಗುರಿಯಿಟ್ಟವರ ಎರಡು ಬೆಳಕುಗಳೂ ಜೀವಿಯ ಮುಂದಿನ ಖಾಲಿ ನೀರಿನಲ್ಲೇ ಸಂಧಿಸುತ್ತವೆ. ಚುಕ್ಕೆಗಳ ದಟ್ಟ ಮೋಡ ಚಿತ್ರದ ನಡುವೆಯೇ ಬಂದು ಕೂರುವುದು ಹೀಗೆ.

ಸರಿಯಾಯಿತೇ ಎಂದು ತಿಳಿಯಲು, ಎದುರಿಗೆ ಏನೂ ಇಲ್ಲದ ನೀರಿನತ್ತ ಒಂದು ಚಿತ್ರ ತೆಗೆಯಿರಿ. ಚುಕ್ಕೆಗಳು ಎಡ ಅಂಚಿನಲ್ಲಿದ್ದರೆ ಎಡಗಡೆಯ ಸ್ಟ್ರೋಬ್ ಅನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ, ಮತ್ತೆ ತೆಗೆಯಿರಿ. ನಾನು ಪ್ರತಿ ಬಾರಿ ಮುಳುಗಿದಾಗಲೂ ಮೊದಲ ಐದಾರು ಚಿತ್ರಗಳನ್ನು ಇದಕ್ಕೇ ಮೀಸಲಿಡುತ್ತೇನೆ. ಚುಕ್ಕೆಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರಾಯಿತು ಎಂಬ ಅಡ್ಡದಾರಿಯನ್ನು ನಂಬಬೇಡಿ. ಅಳಿಸುವಾಗ ಜೀವಿಯ ಮೈಮೇಲಿನ ನಿಜವಾದ ಮಚ್ಚೆಗಳೂ ಮಾಯವಾಗುತ್ತವೆ.

ಹಸಿರು ಹಿನ್ನೆಲೆ ಉಳಿಯಬೇಕಾದ ವಿಶಾಲ ಚಿತ್ರಕ್ಕೆ ಲೆನ್ಸಿನ ತೆರಪು ಎಫ್8, ಶಟರ್ ವೇಗ ಸೆಕೆಂಡಿನ 60ನೇ ಒಂದು ಭಾಗ, ಬೆಳಕಿನ ಸಂವೇದನೆ ಐಎಸ್‌ಒ 400ರಿಂದ ಆರಂಭಿಸಬಹುದು. ಆದರೆ ಹೊಸಬರು ಚಿಕ್ಕ ಜೀವಿಗಳನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಹಿಡಿದೇ ಕಲಿಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಗೇಣುದ್ದದ ನೀರಿನಲ್ಲಿ ಕಣಗಳೇ ಕಡಿಮೆ. ಎಫ್16, 200ನೇ ಒಂದು ಭಾಗ, ಐಎಸ್‌ಒ 200 ಇಟ್ಟುಕೊಂಡರೆ ಕದಡಿದ ದಿನವೂ ಒಳ್ಳೆಯ ಚಿತ್ರ ಸಿಗುತ್ತದೆ. ಕೆಂಪು ಬಣ್ಣವನ್ನು ನೀರು ಮೊದಲ ಐದಾರು ಮೀಟರ್‌ಗಳಲ್ಲೇ ಬಹುಪಾಲು ಹೀರಿಕೊಳ್ಳುತ್ತದೆ ನಿಜ, ಆದರೆ ಅದಕ್ಕೆಂದು ಕೆಂಪು ಫಿಲ್ಟರ್ ಕೊಳ್ಳಬೇಡಿ. ಅದು ನೀಲಿ ನೀರಿಗೆಂದು ಮಾಡಿದ್ದು. ಹಸಿರು ನೀರಿನಲ್ಲಿ ಅದು ಇರುವ ಅಲ್ಪ ಬೆಳಕನ್ನೂ ತಿಂದುಹಾಕುತ್ತದೆ; ಬಣ್ಣವನ್ನು ಮರಳಿ ತರುವುದು ಸ್ಟ್ರೋಬ್.

ತಳದ ಹೂಳನ್ನು ನೀವೇ ಎಬ್ಬಿಸಿದರೆ ಇಷ್ಟೆಲ್ಲ ವ್ಯರ್ಥ. ಸೆಳೆತಕ್ಕೆ ಮುಖಮಾಡಿ ಜೀವಿಯನ್ನು ಸಮೀಪಿಸಿ, ಆಗ ಎದ್ದ ಹೂಳು ನಿಮ್ಮ ಹಿಂದಕ್ಕೆ ಸಾಗಿಹೋಗುತ್ತದೆ. ಕಾಲುಗಳನ್ನು ಮೇಲಕ್ಕೆ ಮಡಚಿ ಕಪ್ಪೆಯಂತೆ ಒದೆಯಿರಿ.

ಹಂತ 5: ನೋಡುವುದು

ಜೀವಿ ಕಂಡೊಡನೆ ಗುಂಡಿ ಒತ್ತದೆ ಎರಡು ನಿಮಿಷ ಸುಮ್ಮನೆ ನೋಡಿ. ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುಗಳಲ್ಲಿ ಹಲವು ತಾವು ತಿನ್ನುವ ಹೈಡ್ರಾಯ್ಡ್ ಅಥವಾ ಸ್ಪಂಜಿನ ಮೇಲೆಯೇ ಇರುತ್ತವೆ. ಹತ್ತಿರದಲ್ಲೇ ರಿಬ್ಬನ್ನಿನಂತೆ ಸುರುಳಿ ಸುತ್ತಿದ ಅವುಗಳ ಮೊಟ್ಟೆಗಳೂ ಸಿಗಬಹುದು. ಗುರುತಿಸಲು ನೆರವಾಗಬೇಕಾದರೆ ತಲೆಯ ಮೇಲಿನ ಎರಡು ಕೊಂಬುಗಳು, ಬೆನ್ನಿನ ಕಿವಿರುಗಳು ಮತ್ತು ಅದು ಕುಳಿತ ತಾಣ ಮೂರೂ ಚಿತ್ರದಲ್ಲಿ ಬರಲಿ. ಬಂಡೆಯ ಬಿರುಕಿನ ಬಾಯಲ್ಲಿ ಏಡಿಯ ಚಿಪ್ಪುಗಳ ರಾಶಿ ಕಂಡರೆ ಒಳಗೆ ಆಕ್ಟೋಪಸ್ ಇರುವ ಸಾಧ್ಯತೆ ಹೆಚ್ಚು. ಉತ್ತರ ಪೆಸಿಫಿಕ್‌ನ ದೈತ್ಯ ಆಕ್ಟೋಪಸ್‌ನ ತಾಯಿ ಮೊಟ್ಟೆಗಳ ಸರಗಳನ್ನು ತೂಗುಹಾಕಿ, ತಿಂಗಳುಗಟ್ಟಲೆ ಏನನ್ನೂ ತಿನ್ನದೆ ಕಾವಲಿದ್ದು, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತಾಳೆ. ಬಿಳಿಯ ಸರಗಳು ಕಂಡರೆ ಬೆಳಕು ಆರಿಸಿ ಹೊರಟುಬಿಡಿ. ಚಿತ್ರಕ್ಕಾಗಿ ಯಾವ ಜೀವಿಯನ್ನೂ ಎತ್ತಿ ಬೇರೆಡೆ ಇಡಬೇಡಿ.

ದಿನಾಂಕ, ಜಾಗ, ಆಳವನ್ನು ಬರೆದಿಡಿ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2013ರಿಂದ ಹಬ್ಬಿದ ಕಾಯಿಲೆಗೆ ಸೂರ್ಯಕಾಂತಿ ನಕ್ಷತ್ರಮೀನುಗಳು ಬಹುಪಾಲು ನಾಶವಾದವು. ಅಂಥ ಕಡೆ ಆ ಜೀವಿಯ ಒಂದು ಸಾಧಾರಣ ಚಿತ್ರವೂ ದಾಖಲೆಯಾಗುತ್ತದೆ.

ಹಂತ 6: ಮೇಲೇರುವುದು

ಒಂದೊಂದು ಜೀವಿಯ ಚಿತ್ರ ಮುಗಿದಾಗಲೂ ಗಾಳಿಯ ಮಾಪಕವನ್ನೂ ಜೊತೆಗಾರನನ್ನೂ ನೋಡಿ. ಕ್ಯಾಮೆರಾ ಇವೆರಡನ್ನೂ ಮರೆಸುತ್ತದೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದೆ, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಿ. ದಡ ಸೇರಿದ ಮೇಲೆ ಉಪ್ಪು ಒಣಗುವ ಮೊದಲೇ ಹೌಸಿಂಗನ್ನು ಸಿಹಿನೀರಿನಲ್ಲಿ ಮುಳುಗಿಸಿ, ಪ್ರತಿ ಗುಂಡಿಯನ್ನೂ ಹಲವು ಬಾರಿ ಒತ್ತಿ. ಚಿತ್ರ ನೋಡುವ ಆತುರದಲ್ಲಿ ಒದ್ದೆ ತಲೆಯಿಂದ ಬಗ್ಗಿ ಮುಚ್ಚಳ ತೆರೆದು, ಸ್ವಂತ ಕೂದಲಿನ ಉಪ್ಪುನೀರನ್ನೇ ಕ್ಯಾಮೆರಾದ ಮೇಲೆ ಸುರಿಸಿಕೊಂಡವರನ್ನು ಕಂಡಿದ್ದೇನೆ. ಮೊದಲು ತಲೆ, ಆಮೇಲೆ ಕೈ, ಕೊನೆಗೆ ಹೌಸಿಂಗ್ ಒರೆಸಿ, ಅನಂತರವೇ ತೆರೆಯಿರಿ.