ಜೋಜಿ ಲಾ ಸ್ಯಾಂಡ್ ಮಾಡೆಲ್: ಜನರಲ್ ತಿಮ್ಮಯ್ಯ ಮಕ್ಕಳಿಗೆ ಅರ್ಥವಾಗಿದ್ದು ಹೀಗೆ

ಜನರಲ್ ತಿಮ್ಮಯ್ಯನವರ ಬಗ್ಗೆ ಭಾಷಣ ಮಾಡಿದರೆ ಕೆಡೆಟ್‌ಗಳು ಆಕಳಿಸುತ್ತಾರೆ. ಎನ್‌ಸಿಸಿ ನಡೆಸುವ ನೀವೆಲ್ಲ ನೋಡಿರುತ್ತೀರಿ. ಮಡಿಕೇರಿಯಲ್ಲಿ ಹುಟ್ಟಿದರು, 1957ರಲ್ಲಿ ಸೇನಾ ಮುಖ್ಯಸ್ಥರಾದರು ಅಂತ ಬರೆದುಕೊಂಡು ಪರೀಕ್ಷೆಯ ಮರುದಿನ ಮರೆಯುತ್ತಾರೆ. ಅವರು ಎಂಥ ಗಟ್ಟಿಗರು ಅನ್ನುವುದು ಅದರಲ್ಲಿ ಎಲ್ಲೂ ಸಿಗುವುದಿಲ್ಲ. ಅದಕ್ಕೇ ಕಾಶ್ಮೀರದಿಂದ ಲಡಾಖಿಗೆ ದಾಟುವ ಜೋಜಿ ಲಾ ಕಣಿವೆಯ ಸ್ಯಾಂಡ್ ಮಾಡೆಲ್, ಅಂದರೆ ನೆಲದ ಏರಿಳಿತ ತೋರಿಸುವ ಮಣ್ಣಿನ ಮಾದರಿ ಮಾಡಿ, ಅಲ್ಲಿ 1948ರಲ್ಲಿ ಪಾಕಿಸ್ತಾನದ ಕಡೆಯವರ ವಿರುದ್ಧ ನಡೆದ ಕಾಳಗವನ್ನು ಮಕ್ಕಳ ಕೈಗೇ ಕೊಟ್ಟೆ. ‘ಮಣ್ಣಾಟಕ್ಕೆ ಎರಡು ಪೀರಿಯಡ್ ದಂಡ’ ಅಂದವರೇ ಈಗ ಮಾಡೆಲ್ ಎರವಲು ಕೇಳುತ್ತಿದ್ದಾರೆ.

ದುಡ್ಡಿನ ಮಾತು ಮೊದಲು. ಥರ್ಮಾಕೋಲ್ ಮಾಡೆಲ್ ನೋಡೋಕೆ ಚಂದ, ಆದರೆ ಅದರಲ್ಲಿ ರಸ್ತೆ ಕೊರೆಯಲಾಗದು. ಪಿಒಪಿ ಬಿರುಕು ಬಿಟ್ಟಿತು, ಎತ್ತೋಕೂ ನಾಲ್ಕು ಜನ ಬೇಕು. ಹಿಮಕ್ಕೆಂದು ಹಾಕಿದ ಉಪ್ಪು ಮಳೆಗಾಲದಲ್ಲಿ ನೀರೊಡೆದು ಪ್ಲೈವುಡ್ ಉಬ್ಬಿತು. ಏಳೆಂಟು ಸಾವಿರ ಜೇಬಿನಿಂದಲೇ ಹೋಯಿತು. ಕೊನೆಗೆ ನಿಂತಿದ್ದು ಕೆಮ್ಮಣ್ಣು, ಸಾಮಿಲ್ಲಿನ ಹೊಟ್ಟು, ಮೇಲೆ ರಂಗೋಲಿ ಪುಡಿ. ಈಗ ಸಾವಿರದ ಇನ್ನೂರರ ಆಸುಪಾಸಿನಲ್ಲಿ ಮುಗಿಯುತ್ತದೆ. ಮಣ್ಣು ಸೀಳು ಬಿಡದಂತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ನನ್ನಲ್ಲೇ ಇರಲಿ.

ಕೊನೆಗೆ ಏನಾಯಿತು ಅಂತ ಮೊದಲೇ ಹೇಳಬೇಡಿ. 1948ರ ಸೆಪ್ಟೆಂಬರ್‌ನಲ್ಲಿ ಆದಂತೆ ಬರೀ ಕಾಲಾಳುಗಳಿಂದ ದಾಳಿ ಮಾಡಿಸಿ. ಮೇಲೆ ಬಂಡೆಗಳ ಸಂದಿಯಲ್ಲಿ ಶತ್ರುಗಳ ಮೆಷಿನ್ ಗನ್. ನುಗ್ಗಿದ ತಂಡ ವಾಪಸ್. ಚಳಿಗಾಲ ಹತ್ತಿರ ಬರುತ್ತಿದೆ, ಹಿಮ ಬಿದ್ದರೆ ಕಣಿವೆಯೇ ಮುಚ್ಚುತ್ತದೆ, ಆಚೆ ಲಡಾಖಿನ ಲೇಹ್ ಒಂಟಿಯಾಗುತ್ತದೆ. ಮಕ್ಕಳು ತಮ್ಮತಮ್ಮಲ್ಲೇ ಜಗಳಕ್ಕೆ ಬೀಳುವವರೆಗೆ ನಾನು ಬಾಯಿ ಬಿಡುವುದಿಲ್ಲ.

ಆಮೇಲೆ ಬೆಂಕಿಪೊಟ್ಟಣದಲ್ಲಿ ಮಾಡಿದ ಸ್ಟುವರ್ಟ್ ಟ್ಯಾಂಕ್ ಕೊಡುತ್ತೇನೆ, ಟರೆಟ್ (ಮೇಲಿನ ತಿರುಗುವ ತೋಪಿನ ಭಾಗ) ಬೇರೆಯಾಗಿ. 7ನೇ ಕ್ಯಾವಲ್ರಿಯ ಟ್ಯಾಂಕ್‌ಗಳನ್ನು ಟರೆಟ್ ಬಿಚ್ಚಿಯೇ ಗುಟ್ಟಾಗಿ ಕಣಿವೆಯ ಬುಡದ ಬಾಲ್ತಾಲ್‌ಗೆ ಸಾಗಿಸಿದ್ದು. ಅಲ್ಲಿಂದ ಮೇಲಕ್ಕೆ ಇದ್ದಿದ್ದು ಹೇಸರಗತ್ತೆಯ ದಾರಿ. ಅದನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಬೆಂಗಳೂರಿನ ಎಂಇಜಿಯ ಸೇನಾ ಎಂಜಿನಿಯರ್‌ಗಳು. ಹೋದ ಸಲ ಒಬ್ಬ ಹುಡುಗಿ ಐಸ್‌ಕ್ರೀಮ್ ಕಡ್ಡಿಯಿಂದ ಗುಡ್ಡದ ಪಕ್ಕೆ ಕೊರೆದು ಟ್ಯಾಂಕ್ ಇಟ್ಟಳು. ಅರ್ಧ ಪೊಟ್ಟಣ ಪ್ರಪಾತದ ಕಡೆ ನೇತಾಡಿತು. ಮತ್ತೆ ಕೊರೆದಳು, ಮೇಲಿನ ಮಣ್ಣು ಕುಸಿದು ದಾರಿಯನ್ನೇ ಮುಚ್ಚಿತು. ಸುಮಾರು 11,500 ಅಡಿ ಎತ್ತರದ ಕಣಿವೆಗೆ ಹೀಗೇ ದಾರಿ ಕಡಿದರು ಅಂತ ಹೇಳಬೇಕಾದ್ದು ಆಗ.

ಕೊನೆಗೊಂದು ಪ್ರಶ್ನೆ: ಡಿವಿಷನ್ ಕಮಾಂಡರ್ ಎಲ್ಲಿರಬೇಕು? ಬಾವುಟವನ್ನು ಹೆಚ್ಚುಕಮ್ಮಿ ಎಲ್ಲರೂ ಬಾಲ್ತಾಲ್‌ನಲ್ಲೇ ನೆಡುತ್ತಾರೆ. ನಾನು ಕಿತ್ತು ಮುಂದಿನ ಟ್ಯಾಂಕಿಗೆ ಸಿಕ್ಕಿಸುತ್ತೇನೆ. ನವೆಂಬರ್ 1ರಂದು ಮೇಜರ್ ಜನರಲ್ ತಿಮ್ಮಯ್ಯ ಇದ್ದಿದ್ದು ಅಲ್ಲೇ. ಅವರು ಹಿಂದೆಯೇ ಉಳಿದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಅಲ್ವಾ? ಒಮ್ಮೆ ಹಿಂದೆ ಸರಿದ ಪಡೆಯನ್ನು ಅದೇ ಕಣಿವೆಗೆ ಮತ್ತೆ ಕಳಿಸುವಾಗ ತಾನೂ ಜೊತೆಗಿರಬೇಕು ಅಂತ ಅವರಿಗೆ ಅನಿಸಿದ್ದೇ ಅವರ ಗಟ್ಟಿತನ ಅಂತ ನಾನು ನಂಬಿದ್ದೇನೆ. ಕಣಿವೆ ಅಂದೇ ಕೈಗೆ ಬಂತು, ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೂಡ.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. 1948ರ ಮೇನಲ್ಲಿ ವಾಯುಪಡೆಯ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಡಕೋಟಾ ವಿಮಾನ ಇಳಿಸಿದಾಗಲೂ ತಿಮ್ಮಯ್ಯ ಒಳಗಿದ್ದರು. ಅದನ್ನು ಕಾಗದದ ವಿಮಾನದಲ್ಲಿ ಆಡಿಸಿದೆ, ಗಲಾಟೆಯೇ ಜಾಸ್ತಿಯಾಯಿತು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳನ್ನು ವಾಪಸ್ ಕಳಿಸುವ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರಾಗಿದ್ದ ಪ್ರಸಂಗ ಪಿಯುಸಿ ಮಕ್ಕಳಿಗೆ ಚೆನ್ನಾಗಿ ಹಿಡಿಸಿತು. ಅಲ್ಲಿ ಬೇಕಿದ್ದುದು ತಾಳ್ಮೆ.

ಮುಂದೆ ಬರ್ಮಾದ ಕಾಂಗಾವ್ ಮಾಡಬೇಕು. 1945ರಲ್ಲಿ ಅವರು ಬೆಟಾಲಿಯನ್ ನಡೆಸಿದ ಜಾಗ, ಸುತ್ತ ಕೆಸರು, ಅಳಿವೆ. ನೀರು ನಿಲ್ಲೋಕೆ ತಗಡಿನ ಟ್ರೇ ಬೇಕು. ವೆಲ್ಡರ್ ಎರಡು ಸಾವಿರದ ಮೇಲೆ ಹೇಳಿದ್ದಾನೆ, ಚೌಕಾಶಿ ನಡೆದಿದೆ.