ರಾತ್ರಿ ಒಂಬತ್ತರ ಕ್ಲಾಸು

ನಾನು ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. 2020ರ ಜೂನಿನಲ್ಲಿ, ಕೊರೋನಾದಿಂದ ಶಾಲೆ ಮುಚ್ಚಿದ್ದಾಗ, ನನ್ನ ನಾಲ್ಕನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ 31 ಹೆಸರುಗಳಿದ್ದವು. ಮೊದಲ ದಿನ ಗೂಗಲ್ ಮೀಟ್ ಹಚ್ಚಿ ಕೂತರೆ ಬಂದವರು ಆರೇ ಮಂದಿ. ಅದರಲ್ಲೂ ಇಬ್ಬರ ಕಡೆಯಿಂದ ಬರೀ ಫ್ಯಾನಿನ ಸದ್ದು.

ಉಳಿದ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ನಮ್ಮ ಮಕ್ಕಳ ಅಪ್ಪಂದಿರು ಜಾಸ್ತಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಬೆಳಿಗ್ಗೆ ನಾಕಾದಲ್ಲಿ ನಿಂತು ಅವತ್ತಿನ ಕೆಲಸ ಹಿಡಿಯುವವರು. "ಫೋನು ನಮ್ಮ ಯಜಮಾನ್ರ ಕಡೆ ಇರ್ತದರೀ ಅಕ್ಕೋರೆ, ಅವರು ಬರೋದೇ ರಾತ್ರಿ" ಅಂದರು ಒಬ್ಬ ತಾಯಿ. ಮನೆ ಮನೆಯಲ್ಲೂ ಇದೇ ಮಾತು. ಹನ್ನೊಂದು ಮಕ್ಕಳಂತೂ ಊರಿಗೇ ಹೋಗಿಬಿಟ್ಟಿದ್ದರು.

ಹಾಗಾಗಿ ಕ್ಲಾಸನ್ನು ರಾತ್ರಿ ಒಂಬತ್ತಕ್ಕೆ ಇಟ್ಟೆ. ವಿಡಿಯೋ ಬಿಟ್ಟೆ. ವಾಟ್ಸಾಪ್‌ನಲ್ಲಿ ಮೂರು ನಿಮಿಷ ಮಾತಾಡಿ ಕಳಿಸಿದರೆ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಅಪ್ಪ ಬಂದ ಮೇಲೆ ಎಷ್ಟು ಹೊತ್ತಿಗಾದರೂ ಕೇಳಬಹುದು. ಜುಲೈನಿಂದ ದೂರದರ್ಶನದ ಸಹ್ಯಾದ್ರಿ ಚಾನೆಲ್‌ನಲ್ಲಿ ಪಾಠ ಬರತೊಡಗಿತು ನಿಜ, ಆದರೆ ಮರಾಠಿಯಲ್ಲಿ. ಮಹಾರಾಷ್ಟ್ರದ ಪಠ್ಯಪುಸ್ತಕ ತರುವ ಬಾಲಭಾರತಿಯ ಕನ್ನಡ ಪುಸ್ತಕ ಪಿಡಿಎಫ್ ಆಗಿ ಸಿಗುತ್ತಿತ್ತು. ಅಂಗೈಯಷ್ಟು ಪರದೆಯಲ್ಲಿ ಅದನ್ನು ಓದು ಅಂತ ಮಗುವಿಗೆ ಹೇಗೆ ಹೇಳುವುದು?

ಮೊದಲಿಗೆ ಕೈಹಿಡಿದದ್ದು ಶಿವಾಜಿ ಮಹಾರಾಜರು. ಮಹಾರಾಷ್ಟ್ರದ ನಾಲ್ಕನೇ ಕ್ಲಾಸಿನಲ್ಲಿ ಪರಿಸರ ಅಧ್ಯಯನದ ಎರಡನೇ ಭಾಗ ಪೂರ್ತಿ ಅವರದೇ ಚರಿತ್ರೆ. ಅದನ್ನು ಧಾರಾವಾಹಿ ಮಾಡಿಬಿಟ್ಟೆ. ಆಗ್ರಾದಲ್ಲಿ ಮಿಠಾಯಿ ಪೆಟ್ಟಿಗೆಗಳು ಕಾವಲುಗಾರರ ಮುಂದೆ ಬಂದವು ಅನ್ನುವಲ್ಲಿಗೆ ಒಂದು ರಾತ್ರಿ ನಿಲ್ಲಿಸಿದೆ. ಹತ್ತೂವರೆಗೆ ಒಬ್ಬರು ಅಪ್ಪನ ಫೋನು: "ಮುಂದೇನಾತ್ರೀ?" ಅಫಜಲ್‌ಖಾನ್ ವಿಜಾಪುರದಿಂದ ಹೊರಟ ಅಂದ ದಿನ ಇನ್ನೊಬ್ಬರು, "ಅದು ನಮ್ಮೂರ ಕಡೇದ ಕತಿ ಬಿಡ್ರಿ" ಅಂತ ಮೆಸೇಜು ಬಿಟ್ಟಿದ್ದರು. ಪಾಲಕರ ಸಭೆಗೆ ಒಂದು ದಿನವೂ ಬಾರದ ಮನುಷ್ಯ.

ಓದು ಪರೀಕ್ಷಿಸಲು ಪ್ರತಿ ಮಗುವಿಗೂ ಒಂದು ನಿಮಿಷ ಓದಿ ಕಳಿಸಲು ಹೇಳಿದೆ. ಕಿವಿಗೆ ಬಹಳ ವಿಷಯ ಸಿಗುತ್ತದೆ. ಹಿಂದಿನಿಂದ ಅಕ್ಕ ಪಿಸುಗುಟ್ಟುವುದು, ಒತ್ತಕ್ಷರ ಬಂದಾಗ ಉಸಿರು ನಿಲ್ಲುವುದು. ಒಬ್ಬ ಹುಡುಗ ನೀರು ಕುಡಿದ ಹಾಗೆ ಓದುತ್ತಿದ್ದ. ಸಂಶಯ ಬಂತು. ಕೊನೆಯ ಸಾಲಿನಿಂದ ಮೇಲಕ್ಕೆ ಓದು ಅಂದೆ. ಎರಡು ದಿನ ಉತ್ತರವೇ ಇಲ್ಲ. ಪಾಪ, ಪೂರ್ತಿ ಬಾಯಿಪಾಠ! ಅವನಿಗೆ ಮತ್ತೆ ಕಾಗುಣಿತದಿಂದ ಶುರು ಮಾಡಿದೆ, ಗುಂಪಿನಲ್ಲಲ್ಲ, ಅವನೊಬ್ಬನಿಗೇ.

ಗಣಿತದಲ್ಲಿ ಸೋತೆ. ಭಾಗಾಕಾರವನ್ನು ಬಾಯಲ್ಲಿ ಹೇಳಿ ಕಲಿಸಲು ನನಗೆ ಬರಲಿಲ್ಲ. ಮಂದ ಬೆಳಕಲ್ಲಿ ತೆಗೆದ ನೋಟ್‌ಬುಕ್ಕಿನ ಫೋಟೋ ನೋಡಿ ತಿದ್ದಿ ತಿದ್ದಿ ಕಣ್ಣು ಉರಿ ಬಂದದ್ದಷ್ಟೇ ಲಾಭ.

ಊರಿಗೆ ಹೋದವರಲ್ಲಿ ಕೆಲವರು ಅಲ್ಲಿ ಟೀಚರ್‌ಗಳು ಮಕ್ಕಳಿದ್ದಲ್ಲಿಗೇ ಬಂದು ಪಾಠ ಹೇಳುವ ವಿದ್ಯಾಗಮ ಶುರುವಾದಾಗ ಗುಡಿಯ ಕಟ್ಟೆ ಮೇಲೆ ಕೂತರು. ಹಗಲು ಕರ್ನಾಟಕದ ಪಾಠ, ರಾತ್ರಿ ನನ್ನದು. ಅಕ್ಟೋಬರಿನಲ್ಲಿ ಅದು ನಿಂತಿತು, ನನ್ನದೊಂದೇ ಉಳಿಯಿತು. ಆ ಹನ್ನೊಂದರಲ್ಲಿ ಐವರು ಮುಂಬಯಿಗೆ ಮರಳಲೇ ಇಲ್ಲ. ಅವರನ್ನು ಗುಂಪಿನಿಂದ ತೆಗೆಯಲು ಮನಸ್ಸು ಬರಲಿಲ್ಲ.

ಮುಂಬಯಿಯಲ್ಲಿ ಏಳನೇವರೆಗಿನ ಕ್ಲಾಸುಗಳು ಬಾಗಿಲು ತೆರೆದದ್ದು 2021ರ ಡಿಸೆಂಬರ್ 15ಕ್ಕೆ. ಜನವರಿ ಬರುತ್ತಿದ್ದಂತೆ ಮತ್ತೆ ಬಂದ್, 24ಕ್ಕೆ ಮತ್ತೆ ಶುರು. ಮಕ್ಕಳು ಐದನೆಯದಕ್ಕೆ ಬಂದಿದ್ದರು, ಉದ್ದವಾಗಿದ್ದರು. ಮಾಸ್ಕಿನ ಮೇಲಿನ ಕಣ್ಣು ನೋಡಿ ಗುರುತು ಹತ್ತದೆ, ದನಿ ಕೇಳಿದೊಡನೆ ಹೆಸರು ಹೇಳುತ್ತಿದ್ದೆ.

ಫೋನಿನಲ್ಲಿ ಚೆಂದ ಓದುತ್ತಿದ್ದ ಒಬ್ಬ ಹುಡುಗಿಯನ್ನು ಎಬ್ಬಿಸಿ ಓದು ಅಂದೆ. ಪುಸ್ತಕ ಹಿಡಿದು ನಿಂತಳು, ಬಾಯಿ ಬಿಡಲಿಲ್ಲ. ಆಮೇಲೆ ಹತ್ತಿರ ಬಂದು, "ಟೀಚರ್, ರಾತ್ರಿ ಕಳಿಸ್ಲಾ?" ಅಂದಳು.

ಕಳಿಸು ಅಂದೆ. ಒಂಬತ್ತಕ್ಕೆ ಸರಿಯಾಗಿ ಬಂತು.