ಹೊಲದ ನಡುವಿನ ಊರು: ಗಾಳಿ ಕೆಡುವ ಕಾಲಕ್ಕೆ ಸಿದ್ಧರಾಗುವುದು ಹೇಗೆ?

ಹಳ್ಳಿಯ ಗಾಳಿ ಯಾವಾಗಲೂ ಚೊಕ್ಕಟ ಅಂತ ನಂಬಿಕೊಂಡು ಬಂದವರು ನಾವು. ಆದರೆ ಸುತ್ತ ಹೊಲಗಳೇ ಇರುವ ಸಮತಟ್ಟು ಬಯಲಿನಲ್ಲಿ, ವರ್ಷದ ಕೆಲವು ವಾರ ಗಾಳಿ ತುಂಬಾ ಕೆಡಬಹುದು. ಒಂದು ಸಮಾಧಾನ ಇದೆ. ಅದು ಯಾವಾಗ ಕೆಡುತ್ತದೆ ಅನ್ನೋದನ್ನು ಹೆಚ್ಚುಕಡಿಮೆ ಮೊದಲೇ ಹೇಳಬಹುದು.

1. ನಿಮ್ಮ ಊರಿನ ವರ್ಷವನ್ನು ಬರೆದುಕೊಳ್ಳಿ

ಉಳುಮೆ ಯಾವ ತಿಂಗಳು, ಗೊಬ್ಬರ ಹಾಕೋದು ಯಾವಾಗ, ಕಟಾವು, ಒಕ್ಕಣೆ, ಕೂಳೆಗೆ ಬೆಂಕಿ ಇಡುವ ದಿನಗಳು ಯಾವುವು? ಒಂದು ಹಾಳೆ ಸಾಕು. ಒಣ ಮಣ್ಣಿನ ಉಳುಮೆ ಮತ್ತು ಒಕ್ಕಣೆಯಲ್ಲಿ ದಪ್ಪ ಧೂಳು ಏಳುತ್ತದೆ. ಕೂಳೆ ಸುಟ್ಟಾಗ ಬರೋದು ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಧೂಳು ಬಹುಪಾಲು ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತದೆ. ಈ ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

2. ಹೊಗೆ ಯಾವ ಕಡೆ ಹೋಗುತ್ತದೆ ನೋಡಿ

ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ, ಕಾಸೂ ಖರ್ಚಿಲ್ಲ. ಬೆಳಗಿನ ಜಾವ ಒಲೆಯ ಹೊಗೆಯನ್ನು ಗಮನಿಸಿ. ಮೇಲೇರಿ ಕರಗಿ ಹೋದರೆ ಸರಿ. ಸ್ವಲ್ಪ ಎತ್ತರಕ್ಕೆ ಹೋಗಿ, ಅಲ್ಲೇ ಯಾರೋ ತಡೆದ ಹಾಗೆ ನಿಂತು, ಅಡ್ಡಕ್ಕೆ ಹಾಸಿಕೊಂಡರೆ ಎಚ್ಚರ.

ಮೋಡವಿಲ್ಲದ, ಎಲೆ ಅಲುಗದ ಚಳಿ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಪಕ್ಕದ ಗಾಳಿಯೂ ತಣ್ಣಗಾಗಿ ಕೆಳಗೇ ಉಳಿಯುತ್ತದೆ. ಬೆಚ್ಚನೆಯ ಗಾಳಿ ಅದರ ಮೇಲೆ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಸಂಜೆ ಹಚ್ಚಿದ ಬೆಂಕಿ, ಟ್ರ್ಯಾಕ್ಟರ್ ಹೊಗೆ, ಒಲೆ ಹೊಗೆ ಎಲ್ಲಾ ಆ ಮುಚ್ಚಳದ ಕೆಳಗೇ ಉಳಿಯುತ್ತವೆ. ಬಿಸಿಲೇರಿ ನೆಲ ಕಾದ ಮೇಲೆಯೇ ಅದು ಒಡೆಯೋದು. ಹಾಗಾಗಿ ಚಳಿಗಾಲದಲ್ಲಿ ನಸುಕಿನ ನಡಿಗೆ, ಮಕ್ಕಳ ಓಟದ ಅಭ್ಯಾಸ ಬೇಡ. ಬಿಸಿಲೇರಿದ ಮೇಲೆ ಹೊರಡಿ. ಬೇಸಿಗೆಯಲ್ಲಿ ಇದು ತಿರುವುಮುರುವು: ಸುಡುಬಿಸಿಲಿಗೆ ಉಸಿರಿಗೆ ಕೆಡುಕು ಮಾಡುವ ಓಜೋನ್ ಅನಿಲ ಮಧ್ಯಾಹ್ನ ಜಾಸ್ತಿಯಾಗುತ್ತದೆ, ಬೆಳಿಗ್ಗೆಯೇ ಒಳ್ಳೆಯದು.

3. ಅಳೆಯುವುದಾದರೆ ಸರಿಯಾಗಿ ಅಳೆಯಿರಿ

ಗಾಳಿಯಲ್ಲಿರುವ ಕಣ ಅಳೆಯುವ ಸಣ್ಣ ಸೆನ್ಸರ್ ಕೊಂಡರೆ ಅದನ್ನು ಮೂಗಿನ ಎತ್ತರದಲ್ಲಿ, ನೆರಳಿನಲ್ಲಿ, ಒಲೆ ಮತ್ತು ರಸ್ತೆಯಿಂದ ದೂರ ಇಡಿ. ನಸುಕು, ಮಧ್ಯಾಹ್ನ, ಕತ್ತಲಾದ ಮೇಲೆ, ಹೀಗೆ ದಿನಕ್ಕೆ ಮೂರು ಸಲ ಬರೆದಿಡಿ. ಪಕ್ಕದಲ್ಲೇ ಗಾಳಿ ಯಾವ ದಿಕ್ಕಿನಿಂದ ಬರ್ತಿತ್ತು ಅಂತಲೂ ಬರೆಯಿರಿ. ಹೊಗೆ ಎಲ್ಲಿಂದ ಬರುತ್ತಿದೆ ಅನ್ನೋದು ಆಗಲೇ ಗೊತ್ತಾಗೋದು. ಮಂಜು ಕವಿದ ದಿನ ಈ ಸೆನ್ಸರ್‌ಗಳು ನೀರಿನ ಹನಿಯನ್ನೂ ಕಣ ಅಂತ ಎಣಿಸಿ ಜಾಸ್ತಿ ತೋರಿಸುತ್ತವೆ. ಆ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ, ಪಿಎಂ 2.5ಕ್ಕೆ 24 ಗಂಟೆಯ ಸರಾಸರಿ ಘನ ಮೀಟರ್‌ಗೆ 15 ಮೈಕ್ರೋಗ್ರಾಂ.

4. ಹೊಲದ ಕೆಲಸದಲ್ಲಿ ಬದಲಾವಣೆ

ಕೂಳೆ ಸುಡಬೇಡಿ ಅಂತ ಸುಮ್ನೆ ಹೇಳಿದರೆ ರೈತರಿಗೆ ಅನ್ಯಾಯ. ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಸಮಯ ಕಡಿಮೆ, ಬೆಂಕಿ ಅಗ್ಗ. ಕೂಳೆಯನ್ನು ಕತ್ತರಿಸಿ ಮಣ್ಣಿಗೆ ಸೇರಿಸುವ ಯಂತ್ರಗಳಿವೆ, ಕೂಳೆಯ ನಡುವೆಯೇ ನೇರವಾಗಿ ಬಿತ್ತುವ ಯಂತ್ರಗಳೂ ಇವೆ. ಒಬ್ಬರಿಗೆ ದುಬಾರಿಯಾದರೆ ಹತ್ತು ಮನೆಯವರು ಸೇರಿ ಬಾಡಿಗೆಗೆ ತರಬಹುದು, ಅಲ್ವಾ? ಯೂರಿಯಾವನ್ನು ಮಣ್ಣಿನ ಮೇಲೆ ಎರಚಿ ಹಾಗೇ ಬಿಡಬೇಡಿ. ನೀರು ಹಾಯಿಸಿ ಅಥವಾ ಮಣ್ಣಿನಲ್ಲಿ ಬೆರೆಸಿ. ಇಲ್ಲದಿದ್ದರೆ ಅದರ ಒಂದು ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ. ಗಾಳಿಯಲ್ಲಿರುವ ಆಮ್ಲಗಳ ಜೊತೆ ಸೇರಿ ಅದೂ ಸಣ್ಣ ಕಣವಾಗುತ್ತದೆ. ಗೊಬ್ಬರದ ದುಡ್ಡೂ ಹೋಯಿತು, ಗಾಳಿಯೂ ಕೆಟ್ಟಿತು. ಉಳುಮೆಗೆ ಮಣ್ಣಿನಲ್ಲಿ ಹದ ಇರುವ ದಿನ ನೋಡಿ.

5. ಮಾಸ್ಕ್ ಮತ್ತು ಮನೆ

ಮುಖಕ್ಕೆ ಸುತ್ತಿದ ಒದ್ದೆ ಬಟ್ಟೆ ದಪ್ಪ ಧೂಳನ್ನು ಸ್ವಲ್ಪ ತಡೆದೀತು, ಹೊಗೆಯ ಕಣವನ್ನಲ್ಲ. ಅದಕ್ಕೆ ಎನ್95 ಮಾಸ್ಕೇ ಬೇಕು, ಅದೂ ಕೆನ್ನೆಗೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಸಂದಿಯಿಂದ ಹೊಗೆ ನುಗ್ಗುತ್ತದೆ. ಹೊಗೆಯ ದಿನಗಳಲ್ಲಿ ಕಿಟಕಿಗಳನ್ನು ಸಂಜೆಯೇ ಮುಚ್ಚಿ, ಹೊರಗೆ ತಿಳಿಯಾದ ಮೇಲೆ ತೆಗೆಯಿರಿ. ಆದರೆ ಒಳಗೆ ಸೌದೆ ಒಲೆ ಉರಿಯುತ್ತಿದ್ದರೆ ಮುಚ್ಚಲೇಬೇಡಿ, ಅದು ಪ್ರಾಣಕ್ಕೇ ಅಪಾಯ.

6. ಕೆಮ್ಮು ಬಂದರೆ

ಬೂಷ್ಟು ಹಿಡಿದ ಹುಲ್ಲು ಅಥವಾ ಕಾಳು ಕೆದಕಿದ ಕೆಲವು ಗಂಟೆಗಳಲ್ಲಿ ಚಳಿಜ್ವರ, ಒಣಕೆಮ್ಮು, ಏದುಸಿರು ಬಂದರೆ ಶೀತ ಅಂದುಕೊಂಡು ಸುಮ್ಮನಿರಬೇಡಿ. ಬೂಷ್ಟಿನ ಧೂಳಿಗೆ ಶ್ವಾಸಕೋಶವೇ ಊದಿಕೊಳ್ಳುವ ಕಾಯಿಲೆ ಇದೆ. ಪದೇಪದೇ ಆದರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾಗಬಹುದು. ಡಾಕ್ಟರ್ ಹತ್ತಿರ ಹೋದಾಗ ಕೆಮ್ಮು ಅಂತಷ್ಟೇ ಹೇಳಬೇಡಿ. ಆ ದಿನ ಏನು ಕೆಲಸ ಮಾಡಿದ್ದಿರಿ, ಎಷ್ಟು ಹೊತ್ತಿಗೆ ಶುರುವಾಯಿತು ಅನ್ನೋದನ್ನೂ ಹೇಳಿ.